ರೇರಾ ಏಜೆಂಟ್ ನೋಂದಣಿ: ಸೆಕ್ಷನ್ 9, 10, 62 ಒಟ್ಟಿಗೆ ಓದಿ

2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯ್ದೆಯನ್ನು ಮೊದಲಿನಿಂದ ಓದುತ್ತಾ ಹೋದರೆ ಏಜೆಂಟರ ವಿಷಯ ಬಿಲ್ಡರ್‌ಗಳ ಗದ್ದಲದಲ್ಲಿ ಕಳೆದುಹೋಗುತ್ತದೆ. ನಮಗೆ ಮುಖ್ಯವಾಗಿ ಬೇಕಾದದ್ದು ನಾಲ್ಕು ಕಡೆ ಇದೆ: ಏಜೆಂಟ್ ಎಂದರೆ ಯಾರು ಎನ್ನುವ ಸೆಕ್ಷನ್ 2ರ ವ್ಯಾಖ್ಯೆ, ಆಮೇಲೆ 9, 10 ಮತ್ತು 62. ಬಿಡಿಬಿಡಿಯಾಗಿ ಓದಿದರೆ ಎಡವುವುದು ಖಂಡಿತ.

ವ್ಯಾಖ್ಯೆ ತುಂಬಾ ಅಗಲ. ಒಬ್ಬರ ಪರವಾಗಿ ಸೈಟು, ಫ್ಲಾಟು ಅಥವಾ ಕಟ್ಟಡದ ವ್ಯವಹಾರ ಕುದುರಿಸಿ ಕಮಿಷನ್ನೋ ಫೀಸೋ ಪಡೆದರೆ ನೀವು ಏಜೆಂಟ್. ಕೊಳ್ಳುವವರನ್ನೂ ಮಾರುವವರನ್ನೂ ವಾಟ್ಸ್ಆಪ್‌ನಲ್ಲಿ ಪರಿಚಯ ಮಾಡಿಸಿ ದುಡ್ಡು ತೆಗೆದುಕೊಂಡರೂ ಏಜೆಂಟೇ. ಬ್ರೋಕರ್, ಡೀಲರ್, ಮಧ್ಯವರ್ತಿ ಅಂತ ಏನೇ ಹೇಳಿಕೊಂಡರೂ ಬಿಡುವುದಿಲ್ಲ.

ಇಷ್ಟನ್ನೇ ಓದಿದವರು ಹಳೇ ಮನೆ ಮಾರಿಸಿಕೊಡಲೂ ನೋಂದಣಿ ಬೇಕೆಂದು ಬರೆದುಬಿಡುತ್ತಾರೆ. ಸೆಕ್ಷನ್ 9 ಅಷ್ಟು ದೂರ ಹೋಗಿಲ್ಲ. ರೇರಾದಲ್ಲಿ ನೋಂದಣಿಯಾದ ಪ್ರಾಜೆಕ್ಟಿನ ಸೈಟು, ಫ್ಲಾಟು, ಕಟ್ಟಡಗಳ ಖರೀದಿ ಅಥವಾ ಮಾರಾಟ ಮಾಡಿಸುವವರಿಗೆ ಏಜೆಂಟ್ ನೋಂದಣಿ ಕಡ್ಡಾಯ. ಎಂದೋ ಕಟ್ಟಿದ ಒಂಟಿ ಮನೆಯ ಮರುಮಾರಾಟ ಇದರೊಳಗೆ ಬರುವುದಿಲ್ಲ. ಹಾಗಾದರೆ ನೋಂದಣಿಯೇ ಆಗದ ಲೇಔಟಿನಲ್ಲಿ ಸೈಟು ಮಾರಿಸಿದರೆ ಬಚಾವಾ? ಆ ಬಾಗಿಲನ್ನು ಸೆಕ್ಷನ್ 10 ಮುಚ್ಚುತ್ತದೆ: ನೋಂದಣಿ ಆಗಬೇಕಿದ್ದೂ ಆಗದ ಪ್ರಾಜೆಕ್ಟಿಗೆ ಏಜೆಂಟ್ ಕೈ ಹಾಕುವಂತಿಲ್ಲ. ಜಾಗ 500 ಚದರ ಮೀಟರ್ ಮೀರದಿದ್ದರೆ ಅಥವಾ ಫ್ಲಾಟುಗಳು 8 ದಾಟದಿದ್ದರೆ ಪ್ರಾಜೆಕ್ಟಿಗೆ ವಿನಾಯಿತಿ ಇದೆ ಎನ್ನುವುದನ್ನೂ ಇಲ್ಲೇ ಮಾರ್ಜಿನ್ನಿನಲ್ಲಿ ಬರೆದುಕೊಳ್ಳಿ.

ಅರ್ಜಿಯ ಕೆಲಸ ದೊಡ್ಡದಲ್ಲ. ಕರ್ನಾಟಕದ 2017ರ ನಿಯಮಗಳ ಪ್ರಕಾರ ಪ್ಯಾನ್, ವಿಳಾಸದ ದಾಖಲೆ, ಫೋಟೋ, ಹಿಂದಿನ ಮೂರು ವರ್ಷದ ಆದಾಯ ತೆರಿಗೆ ರಿಟರ್ನ್ ಬೇಕು. ಶುಲ್ಕ ವ್ಯಕ್ತಿಗೆ ₹25,000, ಸಂಸ್ಥೆಗೆ ₹2 ಲಕ್ಷ. ಅವಧಿ 5 ವರ್ಷ. ಇಡೀ ರಾಜ್ಯಕ್ಕೆ ಒಂದೇ ನೋಂದಣಿ ಸಾಕು, ಆದರೆ ಅತ್ತಿಬೆಲೆ ದಾಟಿ ಹೊಸೂರಿನ ಪ್ರಾಜೆಕ್ಟಿನಲ್ಲಿ ಫ್ಲಾಟು ಮಾರಿಸಬೇಕೆಂದರೆ ತಮಿಳುನಾಡಿನದು ಬೇರೆ ಮಾಡಿಸಬೇಕು. ಕಾಯ್ದೆಯಲ್ಲಿ ಪರೀಕ್ಷೆಯ ಪ್ರಸ್ತಾಪವೇ ಇಲ್ಲ. ಆದರೆ ಮಹಾರಾಷ್ಟ್ರ 2023ರಲ್ಲಿ ತರಬೇತಿ, ಪರೀಕ್ಷೆ ಎರಡನ್ನೂ ತಂದಿತು. ಒಳ್ಳೆಯದೇ ಮಾಡಿತು ಅನ್ನುವುದು ನನ್ನ ಅಭಿಪ್ರಾಯ.

ಸೆಕ್ಷನ್ 62ರ ಬಿಸಿ ಲೆಕ್ಕ ಹಾಕಿದರೇ ತಿಳಿಯುವುದು. 9 ಅಥವಾ 10ನ್ನು ಮೀರಿದರೆ ದಿನಕ್ಕೆ ₹10,000 ದಂಡ, ಒಟ್ಟಾರೆ ಮಾರಿಸಿದ ಆಸ್ತಿಯ ಬೆಲೆಯ ಶೇ 5ರವರೆಗೆ. ₹60 ಲಕ್ಷದ ಫ್ಲಾಟು ಅಂದುಕೊಳ್ಳಿ. ಶೇ 5 ಎಂದರೆ ₹3 ಲಕ್ಷ, 30 ದಿನಕ್ಕೆ ಮಿತಿ ಮುಟ್ಟುತ್ತದೆ. ಕಮಿಷನ್ ಎಷ್ಟಿರಬೇಕೆಂದು ಕಾಯ್ದೆ ಹೇಳಿಲ್ಲ. ಶೇ 2 ಎಂದು ಹಿಡಿದರೂ ಕೈಗೆ ಬರುವುದು ₹1.2 ಲಕ್ಷ.

ಅದೇ ಫ್ಲಾಟಿನ ಬುಕಿಂಗ್ ದಿನವನ್ನು ನೋಡಿ. ಬಿಲ್ಡರ್ ಕಡೆಯವರು "₹10 ಲಕ್ಷ ಚೆಕ್ ಕೊಡಿಸಿ, ಕರಾರು ಆಮೇಲೆ ನೋಡೋಣ" ಅನ್ನುತ್ತಾರೆ. ಸೆಕ್ಷನ್ 13ರಂತೆ ಮಾರಾಟದ ಕರಾರು ನೋಂದಣಿ ಆಗುವ ಮೊದಲು ಶೇ 10ಕ್ಕಿಂತ ಹೆಚ್ಚು ಪಡೆಯುವಂತಿಲ್ಲ, ಅಂದರೆ ಇಲ್ಲಿ ₹6 ಲಕ್ಷ. ಆ ನಿರ್ಬಂಧ ಬಿಲ್ಡರ್ ಮೇಲಿನದು ನಿಜ. ಆದರೆ ಬುಕಿಂಗ್ ಹೊತ್ತಿಗೆ ಗ್ರಾಹಕರಿಗೆ ಸಲ್ಲಬೇಕಾದ ಮಾಹಿತಿ, ದಾಖಲೆಗಳು ಸಿಗುವಂತೆ ನೋಡಿಕೊಳ್ಳುವುದು ಸೆಕ್ಷನ್ 10ರ ಪ್ರಕಾರ ನಿಮ್ಮ ಕೆಲಸ. ಕಾರ್ಪೆಟ್ ಏರಿಯಾ (ಫ್ಲಾಟಿನ ಒಳಗೆ ಬಳಕೆಗೆ ಸಿಗುವ ಜಾಗ) ಹೇಳುವಾಗಲೂ ಎಚ್ಚರ: ಒಳಗಿನ ಅಡ್ಡಗೋಡೆಗಳು ಲೆಕ್ಕಕ್ಕೆ ಸೇರುತ್ತವೆ, ಹೊರಗೋಡೆ ಮತ್ತು ಬಾಲ್ಕನಿ ಸೇರುವುದಿಲ್ಲ. ಬಾಲ್ಕನಿ ಸೇರಿಸಿ ಜಾಹೀರಾತು ಕೊಟ್ಟರೆ ಅದು ದಾರಿ ತಪ್ಪಿಸುವ ಹೇಳಿಕೆ, ಮತ್ತೆ ಸೆಕ್ಷನ್ 10ಕ್ಕೇ ಬಂದು ನಿಲ್ಲುತ್ತದೆ.

ಮಾಡಿಸಿದ ಪ್ರತಿ ಮಾರಾಟದಲ್ಲೂ ನಿಮ್ಮ ನೋಂದಣಿ ಸಂಖ್ಯೆ ನಮೂದಿಸಬೇಕು, ಲೆಕ್ಕಪುಸ್ತಕ ಇಡಬೇಕು. ವಂಚನೆಯಿಂದ ಪಡೆದ ನೋಂದಣಿಯನ್ನು ರಾಜ್ಯದ ರೇರಾ ಪ್ರಾಧಿಕಾರ ರದ್ದು ಮಾಡಬಹುದು, ಆದರೆ ನಿಮ್ಮ ಅಹವಾಲು ಕೇಳಿದ ಮೇಲೆಯೇ.