ಏಳು ನಿಮಿಷ, 37 ‘ಅಂದರೆ’

ಸೆಮಿನಾರ್ ಮುಗಿಸಿ ಬಂದು ಕೂತ ಎಂ.ಎಸ್ಸಿ. ಹುಡುಗಿಗೆ ಪಕ್ಕದವಳು ನೋಟ್‌ಬುಕ್ಕಿನ ಕೊನೇ ಹಾಳೆ ಹರಿದು ಕೊಟ್ಟಳು. ನಾಲ್ಕು ಗೀಟು, ಅದಕ್ಕೊಂದು ಅಡ್ಡಗೀಟು. ಅಂಥ ಏಳು ಕಟ್ಟು, ಜೊತೆಗೆ ಎರಡು ಬಿಡಿ ಗೀಟು. ಏಳು ನಿಮಿಷದಲ್ಲಿ 37 ‘ಅಂದರೆ’! “ಸುಳ್ಳು ಕಣೇ” ಎಂದವಳು ಮೊಬೈಲಿನ ರೆಕಾರ್ಡಿಂಗ್ ಕೇಳಿದ ಮೇಲೆ ಸುಮ್ಮನಾದಳು.

ಹುಡುಗರು ಹುಡುಗರಿಗೇ ಮಾರ್ಕ್ಸ್ ಹಾಕಿದರೆ ಗೆಳೆಯನಿಗೆ ಹತ್ತಕ್ಕೆ ಹತ್ತು ಎಂದು ಸ್ಟಾಫ್ ರೂಮಿನಲ್ಲಿ ನಗುವವರಿದ್ದಾರೆ. ನನಗೆ ಆ ನಗು ಹಿಡಿಸುವುದಿಲ್ಲ. ಈ ಬಗ್ಗೆ ಉನ್ನತ ಶಿಕ್ಷಣದಲ್ಲಿ ನಡೆದ 48 ಅಧ್ಯಯನಗಳನ್ನು ಸಂಶೋಧಕರಾದ ಫಾಲ್ಚಿಕೋವ್ ಮತ್ತು ಗೋಲ್ಡ್‌ಫಿಂಚ್ 2000ರಲ್ಲಿ ಒಟ್ಟಿಗೆ ತೂಗಿ ನೋಡಿದರು. ಸಹಪಾಠಿಗಳು ಕೊಟ್ಟ ಅಂಕಕ್ಕೂ ಮೇಷ್ಟ್ರ ಅಂಕಕ್ಕೂ ಸರಾಸರಿ ಸಹಸಂಬಂಧ, ಅಂದರೆ ಎರಡೂ ಒಟ್ಟಿಗೆ ಏರಿಳಿಯುವ ಪ್ರಮಾಣ, 0.69 (ಪೂರ್ತಿ ತಾಳೆಯಾದರೆ 1). ತಮಾಷೆಯೆಂದರೆ, ಉಚ್ಚಾರಕ್ಕಿಷ್ಟು, ಹಾವಭಾವಕ್ಕಿಷ್ಟು ಎಂದು ಚೂರುಚೂರಾಗಿ ಹಾಕಿದ ಅಂಕಕ್ಕಿಂತ, ಮಾನದಂಡ ಚೆನ್ನಾಗಿ ತಿಳಿದುಕೊಂಡು ಒಟ್ಟಾರೆ ಹಾಕಿದ ಅಂಕವೇ ಮೇಷ್ಟ್ರಿಗೆ ಹೆಚ್ಚು ಹತ್ತಿರವಿತ್ತು.

ಆದರೆ ಅಂಕ ಇಲ್ಲಿ ನೆಪ. ಮಾತನಾಡುವವನಿಗೆ ತನ್ನ ಮಾತು ಸರಿಯಾಗಿ ಕೇಳಿಸುವುದೇ ಇಲ್ಲ ಎನ್ನುವುದು ಅಸಲು ಸಂಗತಿ. ಒಗ್ಗರಣೆ ಹಾಕುತ್ತ ನಿಂತವರಿಗೆ ಘಾಟು ತಿಳಿಯದು, ಸೀನುವುದು ಜಗುಲಿಯಲ್ಲಿ ಕೂತವರು. ನಮ್ಮ ದನಿ ನಮಗೆ ಗಾಳಿಯ ಜೊತೆ ತಲೆಬುರುಡೆಯ ಮೂಳೆಯಿಂದಲೂ ಕೇಳುವುದರಿಂದ ದಪ್ಪವಾಗಿ, ಗಂಭೀರವಾಗಿ ಕೇಳುತ್ತದೆ. ರೆಕಾರ್ಡಿಂಗ್‌ನಲ್ಲಿ ‘ಇದು ನಾನಾ?’ ಎನಿಸುವುದು ಅದಕ್ಕೇ. ಎದೆಬಡಿತದ ಕಥೆ ತಿರುವುಮುರುವು. ಒಳಗೆ ಅದು ತಮಟೆ, ಹೊರಗೆ ಯಾರಿಗೂ ಕೇಳದು. ಆದರೂ ಸಭೆಗೆಲ್ಲ ಕೇಳುತ್ತಿದೆ ಎಂದೇ ನಮ್ಮ ನಂಬಿಕೆ. ನಡುಕ ನಾವು ಅಂದುಕೊಂಡಷ್ಟು ಎದುರಿನವರಿಗೆ ಕಾಣುವುದಿಲ್ಲ ಎಂದು ಮನೋವಿಜ್ಞಾನಿಗಳಾದ ಸಾವಿಟ್ಸ್‌ಕಿ ಮತ್ತು ಗಿಲೊವಿಚ್ 2003ರಲ್ಲಿ ತೋರಿಸಿದರು. ಈ ವಿಷಯ ಮೊದಲೇ ಕೇಳಿ ತಿಳಿದಿದ್ದವರು ಇನ್ನೂ ಚೆನ್ನಾಗಿ ಮಾತಾಡಿದರಂತೆ. ಒಟ್ಟಿನಲ್ಲಿ, ಕಾಣದ ನಡುಕಕ್ಕೆ ಹೆದರುತ್ತೇವೆ, ಎಲ್ಲರಿಗೂ ಕೇಳುವ ‘ಅಂದರೆ’ ನಮಗೊಬ್ಬರಿಗೇ ಕೇಳಿಸದು.

1924ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಆನಾ ಊರಿನ ವೈ.ಎಂ.ಸಿ.ಎ. ನೆಲಮಾಳಿಗೆಯಲ್ಲಿ ರಾಲ್ಫ್ ಸ್ಮೆಡ್ಲಿ ಟೋಸ್ಟ್‌ಮಾಸ್ಟರ್ಸ್ ಎಂಬ ಭಾಷಣ ಕಲಿಯುವ ಕೂಟ ಆರಂಭಿಸಿದ. ಬೆಂಗಳೂರಿನಲ್ಲೂ ಇರುವ ಈ ಕ್ಲಬ್ಬುಗಳಲ್ಲಿ ‘ಆ’, ‘ಉಂ’ ಎಣಿಸುವುದಕ್ಕೆಂದೇ ಒಬ್ಬರು ಕೂರುತ್ತಾರೆ. ಎಣಿಸುವವರೂ ಸದಸ್ಯರೇ, ಪಂಡಿತರಲ್ಲ. ‘ಚೆನ್ನಾಗಿತ್ತು’ ಎಂಬ ಹೊಗಳಿಕೆಯಿಂದ ಏನೂ ಆಗದು. ‘ಎರಡನೇ ಸ್ಲೈಡಿನಲ್ಲಿ ನೀನು ಗೋಡೆ ನೋಡಿ ಮಾತಾಡಿದೆ’ ಎಂದರೆ ತಿದ್ದಿಕೊಳ್ಳಲು ಒಂದು ಜಾಗ ಸಿಗುತ್ತದೆ.

ಗೀಟು ಹಾಕಿದವಳ ಸರದಿ ಮುಂದಿನ ವಾರ ಬಂತು. ಮೂರನೇ ‘ಅಂದರೆ’ ಬಾಯಿಗೆ ಬಂದಾಗ ಅವಳು ತಾನಾಗಿಯೇ ತಡೆದು ನಿಂತಳು, ಒಂದು ಉಸಿರು ಎಳೆದುಕೊಂಡು ಮುಂದಿನ ವಾಕ್ಯಕ್ಕೆ ಹೋದಳು. ಎದುರಿನ ಬೆಂಚಿನಲ್ಲಿ ಪೆನ್ನು ಹಿಡಿದು ಕಾಯುತ್ತಿದ್ದವಳ ಮುಖ ಸಪ್ಪಗಾಯಿತು.