ನೂರು ಮೀಟರಿನ ಗೆರೆ ಮತ್ತು ಮೂವತ್ತು ಹಾಸಿಗೆಯ ಆಸ್ಪತ್ರೆ

ಹಂಪಿ, ಕಮಲಾಪುರ, ಬಾದಾಮಿ, ಐಹೊಳೆ, ಶ್ರೀರಂಗಪಟ್ಟಣದಂಥ ಊರುಗಳಲ್ಲಿ ಸರ್ಕಾರಿ ಆಸ್ಪತ್ರೆಗೆ ಹೊಸ ಕಟ್ಟಡ ಕಟ್ಟುವ ಮಾತು ಬಂದಾಗ ಎರಡು ಬಗೆಯ ಕಾಳಜಿಗಳು ಎದುರುಬದುರಾಗುತ್ತವೆ. ಒಂದು ಕಾಳಜಿ ಕಲ್ಲಿನದು, ಇನ್ನೊಂದು ಆ ಕಲ್ಲುಗಳ ನಡುವೆಯೇ ಹುಟ್ಟಿ, ಹೊಲಗೈದು, ಕಾಯಿಲೆ ಬಿದ್ದು ಬದುಕುತ್ತಿರುವ ಜನರದು. ಎರಡೂ ಸಾರ್ವಜನಿಕ ಹಿತಕ್ಕಾಗಿಯೇ ಹುಟ್ಟಿದವು. ಆದರೂ ಕಡತ ವರ್ಷಗಟ್ಟಲೆ ಏಕೆ ಅಲೆಯುತ್ತದೆ ಎಂಬುದು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಗುಡಿಯ ಆವರಣಕ್ಕೂ ಚಿಕಿತ್ಸೆಗೂ ವಿರೋಧವಿದೆಯೆಂಬ ಭಾವನೆ ನಮ್ಮ ನಾಡಿನ ಹಳೆಯ ದಾಖಲೆಗಳಲ್ಲಿ ಕಾಣುವುದಿಲ್ಲ. ಬಳ್ಳಿಗಾವಿಯ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯ ಮಠವನ್ನು 1162ರ ಶಾಸನವು ವಿದ್ಯೆಯ ನೆಲೆ, ಅನ್ನದಾನದ ನೆಲೆ ಎಂದು ಹೊಗಳುವುದರ ಜೊತೆಗೆ ಅನಾಥ ರೋಗಿಗಳಿಗೆ ಔಷಧ ದೊರೆಯುವ ಸ್ಥಾನವೆಂದೂ ವರ್ಣಿಸುತ್ತದೆ. ತಮಿಳುನಾಡಿನ ತಿರುಮುಕ್ಕೂಡಲಿನಲ್ಲಿ, ಹನ್ನೊಂದನೆಯ ಶತಮಾನದ ಚೋಳ ಶಾಸನವೊಂದು ದೇವಾಲಯಕ್ಕೆ ಸೇರಿದ 15 ಹಾಸಿಗೆಗಳ ಆತುರಶಾಲೆಯ ವಿವರ ಕೊಡುತ್ತದೆ.

ಬೇರ್ಪಡುವಿಕೆ ಆರಂಭವಾದದ್ದು ಆಧುನಿಕ ಆಡಳಿತದೊಂದಿಗೆ. 1904ರಲ್ಲಿ ಸ್ಮಾರಕಗಳಿಗೆ ಕಾಯ್ದೆ ಬಂತು, 1946ರಲ್ಲಿ ಭೋರ್ ಸಮಿತಿ ಗ್ರಾಮೀಣ ಆರೋಗ್ಯದ ನಕ್ಷೆ ಹಾಕಿತು, 1952ರಲ್ಲಿ ಸಮುದಾಯ ಅಭಿವೃದ್ಧಿ ಯೋಜನೆಯೊಂದಿಗೆ ಪ್ರಾಥಮಿಕ ಆರೋಗ್ಯ ಕೇಂದ್ರಗಳು ತಲೆ ಎತ್ತತೊಡಗಿದವು, 1958ರಲ್ಲಿ ಪುರಾತತ್ವದ ಈಗಿನ ಕೇಂದ್ರ ಕಾಯ್ದೆ ರೂಪುಗೊಂಡಿತು. ಸಮುದಾಯ ಆರೋಗ್ಯ ಕೇಂದ್ರವೆಂಬ ಮೇಲಿನ ಹಂತ ಆಮೇಲೆ ಸೇರಿತು. ಬಯಲುಸೀಮೆಯಲ್ಲಿ ಸುಮಾರು 1,20,000 ಜನರಿಗೆ ಒಂದು, ಗುಡ್ಡಗಾಡಿನಲ್ಲಿ 80,000 ಜನರಿಗೆ ಒಂದು. 30 ಹಾಸಿಗೆ, ಶಸ್ತ್ರಚಿಕಿತ್ಸೆಯ ಕೊಠಡಿ, ಹೆರಿಗೆ ಕೊಠಡಿ, ಎಕ್ಸ್‌ರೇ. 2007ರ ಹೊತ್ತಿಗೆ ಇದಕ್ಕೆಂದು ರಾಷ್ಟ್ರೀಯ ಮಾನದಂಡ ಸಿದ್ಧವಾಗಿ, 2012 ಮತ್ತು 2022ರಲ್ಲಿ ಪರಿಷ್ಕರಣೆಗೊಂಡಿತು. ಈ ಮಾನದಂಡ ಜನಸಂಖ್ಯೆಯನ್ನು ಲೆಕ್ಕ ಹಾಕುತ್ತದೆ; ಅಕ್ಕಪಕ್ಕದಲ್ಲಿ ಯಾವ ಶತಮಾನದ ಗೋಡೆಯಿದೆ ಎಂಬುದು ಅದರ ಲೆಕ್ಕಕ್ಕೆ ಬರುವುದಿಲ್ಲ.

ಸಿಕ್ಕು ನಿಜವಾಗಿ ಬಿಗಿಯಾದದ್ದು 1992ರಿಂದ 2010ರ ನಡುವೆ. 1992ರ ಜೂನ್ 16ರ ಅಧಿಸೂಚನೆಯು ಕೇಂದ್ರ ಸಂರಕ್ಷಿತ ಸ್ಮಾರಕದ ಎಲ್ಲೆಯಿಂದ 100 ಮೀಟರನ್ನು ನಿಷೇಧಿತ ಪ್ರದೇಶವೆಂದೂ, ಅದರಾಚೆಯ 200 ಮೀಟರನ್ನು ಅನುಮತಿ ಪಡೆದು ಮಾತ್ರ ಕಟ್ಟಬಹುದಾದ ನಿಯಂತ್ರಿತ ಪ್ರದೇಶವೆಂದೂ ಸಾರಿತು. ದೊಡ್ಡ ಕೋಟೆಗೂ ಹೊಲದ ನಡುವಿನ ಒಂಟಿ ಮಂಟಪಕ್ಕೂ ಅಳತೆ ಒಂದೇ. ಸ್ಮಾರಕಗಳು ಅಲ್ಲೊಂದು ಇಲ್ಲೊಂದು ಇರುವ ಕಡೆ ಇದು ಸಹಿಸಬಹುದಾದ ನಿಯಮ. ಅಡಿಗಡಿಗೆ ಗುಡಿ, ಪುಷ್ಕರಣಿ, ಕೋಟೆಗೋಡೆಗಳಿರುವ ಊರಿನಲ್ಲಿ ಒಂದರ ಗಡಿ ಮುಗಿಯುವ ಮೊದಲೇ ಇನ್ನೊಂದರದು ಶುರುವಾಗುತ್ತದೆ. ಮುಂದೆ ತಜ್ಞರ ಸಲಹಾ ಸಮಿತಿಯೊಂದು ನಿಷೇಧಿತ ಪ್ರದೇಶದಲ್ಲೂ ಪ್ರಕರಣವಾರು ಅನುಮತಿ ಕೊಡತೊಡಗಿತು. ಆ ಸಮಿತಿಗೆ ಕಾನೂನಿನ ಆಧಾರವಿಲ್ಲವೆಂದು ದೆಹಲಿ ಹೈಕೋರ್ಟ್ 2009ರ ಅಕ್ಟೋಬರಿನಲ್ಲಿ ತೀರ್ಪಿತ್ತಿತು. ಅದರ ಬೆನ್ನಿಗೇ ಬಂದದ್ದು 1958ರ ಕಾಯ್ದೆಗೆ 2010ರ ತಿದ್ದುಪಡಿ.

ಈ ತಿದ್ದುಪಡಿಯನ್ನು ನಿಧಾನವಾಗಿ ಓದಬೇಕು. ಕಾಯ್ದೆಗೆ ಸೇರಿದ 20ಎ ಸೆಕ್ಷನ್ನಿನ ಒಂದು ಉಪವಿಧಿ ಸಾರ್ವಜನಿಕರಿಗೆ ಅಗತ್ಯವಾದ ಕಾಮಗಾರಿಗೆ ನಿಷೇಧಿತ ಪ್ರದೇಶದಲ್ಲಿ ಅನುಮತಿ ಕೊಡುವ ಮಾತಾಡುತ್ತದೆ. ಮುಂದಿನ ಉಪವಿಧಿಯೇ ಇನ್ನು ಮೇಲೆ ಅಂಥ ಅನುಮತಿ ಸಲ್ಲದೆಂದು ಬಾಗಿಲು ಮುಚ್ಚುತ್ತದೆ. ಚರಂಡಿ, ಸಾರ್ವಜನಿಕ ಶೌಚಾಲಯ, ಕುಡಿಯುವ ನೀರಿನ ಕೆಲಸಗಳು ನಿರ್ಮಾಣವೆಂಬ ವ್ಯಾಖ್ಯೆಯಿಂದಲೇ ಹೊರಗಿವೆ. ಹೆರಿಗೆ ಕೊಠಡಿಯನ್ನು ಹೆಸರಿಸಿ ಹೊರಗಿಟ್ಟಿಲ್ಲ. ಶೌಚಾಲಯಕ್ಕೆ ತೋರಿದ ಔದಾರ್ಯವನ್ನು ಬಾಣಂತಿಗೂ ತೋರಬಹುದಿತ್ತೆಂದು ಅನ್ನಿಸದಿರದು. ಹಾಗೆಂದು ಬಾಗಿಲನ್ನು ಪೂರ್ತಿ ತೆರೆಯುವುದರಲ್ಲೂ ಅಪಾಯವಿದೆ: ಸಾರ್ವಜನಿಕ ಕಾಮಗಾರಿಗಳಿಗೆ ವಿನಾಯಿತಿ ನೀಡುವ ಮಸೂದೆ 2018ರ ಜನವರಿಯಲ್ಲಿ ಲೋಕಸಭೆಯ ಒಪ್ಪಿಗೆ ಪಡೆದಾಗ, ಆಸ್ಪತ್ರೆಯ ಹೆಸರಿನಲ್ಲಿ ಹೆದ್ದಾರಿ, ಮೇಲ್ಸೇತುವೆಗಳೂ ನುಗ್ಗಬಹುದೆಂದು ಇತಿಹಾಸಜ್ಞರು ಆತಂಕಪಟ್ಟದ್ದು ನ್ಯಾಯವಾಗಿಯೇ ಇತ್ತು. ಮಸೂದೆ ರಾಜ್ಯಸಭೆಯ ಆಯ್ಕೆ ಸಮಿತಿಗೆ ಹೋಯಿತು, ಕಾನೂನಾಗಲಿಲ್ಲ.

ಹಂಪಿಯಲ್ಲಿ ಇದರ ಮೇಲೆ ಇನ್ನೊಂದು ಪದರವಿದೆ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ತಾಣ, ತುಂಗಭದ್ರೆಯ ಮೇಲೆ ಆನೆಗೊಂದಿಯ ಬಳಿ ಕಟ್ಟಲು ಹೊರಟ ಸೇತುವೆಯಂಥ ಕಾರಣಗಳಿಂದ 1999ರಲ್ಲಿ ಅಪಾಯದ ಪಟ್ಟಿಗೆ ಹೋಗಿ 2006ರಲ್ಲಿ ಹೊರಬಂತು. ನದಿಯಾಚೆಯ ಹಳ್ಳಿಗಳಿಗೆ ಆಸ್ಪತ್ರೆಯ ದಾರಿಯೂ ಆಗಬಹುದಾಗಿದ್ದ ಆ ಸೇತುವೆ 2009ರ ಜನವರಿಯಲ್ಲಿ ಕಾಮಗಾರಿಯ ನಡುವೆಯೇ ಕುಸಿದು ಜೀವಗಳು ಹೋದವು. ಈ ನಡುವೆ ರಾಜ್ಯವು ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರಕ್ಕಾಗಿ ಪ್ರತ್ಯೇಕ ಕಾಯ್ದೆ ರೂಪಿಸಿತು. ಪ್ರಾಧಿಕಾರದ ವ್ಯಾಪ್ತಿ ಸುಮಾರು 236 ಚದರ ಕಿಲೋಮೀಟರ್, ಅದರ ತಿರುಳು ಪ್ರದೇಶವೇ 41 ಚದರ ಕಿಲೋಮೀಟರಿಗೂ ಹೆಚ್ಚು. ಹೀಗಾಗಿ 300 ಮೀಟರಿನ ಆಚೆ ಜಾಗ ಸಿಕ್ಕರೂ ಅನುಮತಿಯ ಕೆಲಸ ಮುಗಿಯುವುದಿಲ್ಲ. ವಿರೂಪಾಕ್ಷ ಬಜಾರಿನ ಮನೆಗಳನ್ನು 2011ರಲ್ಲಿ ತೆರವುಗೊಳಿಸಿದ ಮೇಲೆ ಪರಂಪರೆಯೆಂದರೆ ತಮ್ಮನ್ನು ಎಬ್ಬಿಸುವ ವ್ಯವಸ್ಥೆಯೆಂಬ ಅಂಜಿಕೆ ಜನರಲ್ಲಿ ಬೇರೂರಿದ್ದರೆ ಅವರನ್ನು ದೂರಲಾಗದು.

ವಿನ್ಯಾಸದ ಪ್ರಶ್ನೆ ಬರುವುದು ಇಷ್ಟೆಲ್ಲ ಆದ ಬಳಿಕ, ಸಾಮಾನ್ಯವಾಗಿ ತೀರ ತಡವಾಗಿ. ಮಾದರಿ ನಕ್ಷೆ ಮೊದಲೇ ಸಿದ್ಧವಿರುತ್ತದೆ. ಉಳಿದಿರುವುದು ಹೊರಮೈಗೆ ಕಮಾನು ಅಂಟಿಸುವುದು, ತಾರಸಿಯ ಅಂಚಿಗೆ ಸಿಮೆಂಟಿನ ಗೋಪುರ ಕೂರಿಸುವುದು ಮಾತ್ರ. ಅಸಲಿ ಮಂಟಪದ ಪಕ್ಕದಲ್ಲಿ ನಕಲಿ ಮಂಟಪ ಕಟ್ಟುವುದು ಗೌರವದ ಲಕ್ಷಣವಲ್ಲ. ತಗ್ಗಾದ ಚಾವಣಿ, ಆಳವಾದ ಜಗಲಿ, ಒಳಗೊಂದು ಅಂಗಳ, ಸ್ಥಳೀಯ ಕಲ್ಲಿನ ದಪ್ಪ ಗೋಡೆ ಇವು ಬಳ್ಳಾರಿ ಸೀಮೆಯ ಬೇಸಿಗೆಗೂ ಹೊಂದುತ್ತವೆ, ಸ್ಮಾರಕದ ನೋಟಕ್ಕೂ ಅಡ್ಡ ಬರುವುದಿಲ್ಲ. ಹೊರರೋಗಿಗಳು ಸರದಿಗೆ ಕಾಯುವುದು ಹೇಗೂ ಜಗಲಿಯಲ್ಲೇ.

ಕಣ್ಣಿಗೆ ಬೀಳದ ಭಾಗ ಇನ್ನೂ ಕಷ್ಟದ್ದು. ಅಡಿಪಾಯದ ಪ್ರತಿ ಅಡಿಯೂ ಇತಿಹಾಸದ ಪದರವನ್ನು ಕದಡಬಹುದು. ಜೈವಿಕ ವೈದ್ಯಕೀಯ ತ್ಯಾಜ್ಯದ 2016ರ ನಿಯಮಗಳ ಪ್ರಕಾರ 75 ಕಿಲೋಮೀಟರಿನೊಳಗೆ ಸಾಮೂಹಿಕ ಸಂಸ್ಕರಣಾ ಘಟಕವಿದ್ದರೆ ತ್ಯಾಜ್ಯ ಅಲ್ಲಿಗೇ ಹೋಗಬೇಕು. ಅಂಥ ಸೌಲಭ್ಯ ಕೈಗೆಟುಕದ ದೂರದ ಹಳ್ಳಿಗಳಿಗೆ ಮಾತ್ರ ಸುಮಾರು ಎರಡು ಮೀಟರ್ ಆಳದ ಗುಂಡಿಗೆ ಅವಕಾಶ. ಪುರಾತತ್ವದ ನೆಲದಲ್ಲಿ ಆ ಗುಂಡಿಯನ್ನು ಯೋಚಿಸುವಂತೆಯೇ ಇಲ್ಲ, ಆದ್ದರಿಂದ ತ್ಯಾಜ್ಯದ ವಾಹನ ನಿಲ್ಲುವ ಜಾಗ, ಅಂಬ್ಯುಲೆನ್ಸ್ ತಿರುಗುವ ಜಾಗ, ಕೊಳಚೆ ನೀರಿನ ದಾರಿ ಇವೆಲ್ಲ ನಿವೇಶನದ ಆಯ್ಕೆಯ ಹೊತ್ತಿಗೇ ತೀರ್ಮಾನವಾಗಬೇಕು.

ನಿಷೇಧಿತ ಪ್ರದೇಶದಲ್ಲಿ 1992ರ ಜೂನ್ 16ಕ್ಕೂ ಮೊದಲಿನ ಕಟ್ಟಡಗಳ ದುರಸ್ತಿಗೆ, ನವೀಕರಣಕ್ಕೆ ಕಾಯ್ದೆ ಅವಕಾಶ ಕೊಡುತ್ತದೆ. ಹಳೆಯ ಆಸ್ಪತ್ರೆ ಊರೊಳಗೇ ಇದ್ದರೆ ಹೊರರೋಗಿ ವಿಭಾಗವನ್ನೂ ಲಸಿಕೆಯನ್ನೂ ಅಲ್ಲೇ ಉಳಿಸಿಕೊಂಡು, ಶಸ್ತ್ರಚಿಕಿತ್ಸೆ ಹಾಗೂ ಒಳರೋಗಿ ವಿಭಾಗವನ್ನು ಮಾತ್ರ ಗಡಿಯಾಚೆ ಕಟ್ಟುವ ದಾರಿ ತೆರೆದಿದೆ. ಆದರೆ ಒಂದೇ ಕಟ್ಟಡವೆಂದು ಅಂದಾಜುಪಟ್ಟಿ ಹಾಕುವ ಪದ್ಧತಿಗೆ ಅದು ಒಗ್ಗುವುದಿಲ್ಲ. ನಿಯಂತ್ರಿತ ಪ್ರದೇಶದ ಅರ್ಜಿಗೆ ಕಾಯ್ದೆ ನಿಗದಿಪಡಿಸಿದ ಗಡುವು 15 ದಿನ, ಎರಡು ತಿಂಗಳು, ಮತ್ತೊಂದು ತಿಂಗಳು ಎಂದು ಹಂತಹಂತವಾಗಿ ಸಾಗುತ್ತದೆ. ನಕ್ಷೆ ಮುಗಿದ ಮೇಲೆ ಆ ಅರ್ಜಿ ಹೊರಟರೆ ಪ್ರತಿ ತಿದ್ದುಪಡಿಗೂ ಅಂದಾಜುಪಟ್ಟಿ ಬದಲಾಗಬೇಕು, ಅಷ್ಟರಲ್ಲಿ ಮಾರ್ಚ್ 31 ದಾಟಿ ಅನುದಾನ ಹಿಂದಕ್ಕೆ ಹೋಗಿರುತ್ತದೆ, ಮತ್ತು ಕಮಲಾಪುರದ ಕಡೆಯ ಗರ್ಭಿಣಿಯನ್ನು ಹೊಸಪೇಟೆಗೆ ಕರೆದೊಯ್ಯುವುದು ಇನ್ನೊಂದು ವರ್ಷ ಮುಂದುವರಿಯುತ್ತದೆ.