ಒಕ್ಕಲಾಗಿ ವರ್ಷ ತುಂಬಲಿಲ್ಲ, ಮನೆ ಹಳತಾಯಿತು

ಪ್ರಶ್ನೆ: ಹದಿನಾಲ್ಕು ವರ್ಷ ಗಲ್ಫಿನಲ್ಲಿ ದುಡಿದು ಬದಿಯಡ್ಕದ ಹತ್ತಿರ ಮನೆ ಕಟ್ಟಿಸಿದೆ. ಒಕ್ಕಲಾದ ದಿನ ಕಣ್ಣಲ್ಲಿ ನೀರು ಬಂದಿತ್ತು. ಈಗ ಅದೇ ಗೋಡೆ, ಅದೇ ಸಿಟೌಟು. ಎಂತ ಸಿಕ್ಕಿದರೂ ಖುಷಿ ಉಳಿಯುವುದಿಲ್ಲ ಯಾಕೆ?

ಮನೆಯ ಜಾಗದಲ್ಲಿ ಕಾರು, ಸರ್ಕಾರಿ ಕೆಲಸ ಅಂತ ಹೆಸರು ಬದಲಾಗಬಹುದು, ಈ ಪ್ರಶ್ನೆ ಕೇಳದವರು ಕಡಿಮೆ. ಅಡಿಕೆಯನ್ನು ನೀರಲ್ಲಿ ನೆನೆಸಿಟ್ಟು ನೀರಡಿಕೆ ಹಾಕಿದ ಮನೆಗೆ ಹೋಗಿದ್ದೀರಲ್ಲ? ನೆಂಟರು ಅಂಗಳದಲ್ಲೇ ಮೂಗು ಮುಚ್ಚಿಕೊಳ್ಳುತ್ತಾರೆ, ಮನೆಯವರಿಗೆ ವಾಸನೆಯೇ ಗೊತ್ತಾಗುವುದಿಲ್ಲ. ಮನಸ್ಸೂ ಹಾಗೆಯೇ. ದಿನಾ ಇರುವುದನ್ನು ಲೆಕ್ಕಕ್ಕೆ ಹಿಡಿಯುವುದು ಬಿಡುತ್ತದೆ. ದುಃಖ ಮಾಗುವುದೂ ಬಹುಮಟ್ಟಿಗೆ ಇದೇ ಗುಣದಿಂದ, ಹಾಗಾಗಿ ಇದನ್ನು ಬೈಯುವಂತಿಲ್ಲ.

1978ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಫಿಲಿಪ್ ಬ್ರಿಕ್‌ಮನ್ ಮತ್ತು ಜೊತೆಗಾರರು ಲಾಟರಿ ಹೊಡೆದ 22 ಮಂದಿಯನ್ನು ಮಾತಾಡಿಸಿದ್ದರು. ಲಾಟರಿ ಅಂದರೆ ನಮ್ಮ ಕಾಸರಗೋಡಿನವರಿಗೆ ಹೇಳಿಕೊಡಬೇಕಾಗಿಲ್ಲ! ಗೆದ್ದವರು ಉಳಿದವರಿಗಿಂತ ಹೇಳಿಕೊಳ್ಳುವಷ್ಟು ಸುಖಿಗಳಾಗಿರಲಿಲ್ಲ. ಬೆಳಗ್ಗಿನ ತಿಂಡಿ, ಗೆಳೆಯರ ಜೊತೆ ಪಟ್ಟಾಂಗ, ಇಂಥ ಸಣ್ಣ ಸಂಗತಿಗಳು ಅವರಿಗೆ ಉಳಿದವರಿಗಿಂತ ಸಪ್ಪೆಯಾಗಿದ್ದವು. ಅಪಘಾತದಲ್ಲಿ ಕೈಕಾಲಿನ ಬಲ ಕಳಕೊಂಡವರೂ ಅಷ್ಟೇ ಸುಖವಾಗಿದ್ದರು ಅಂತ ಈ ಅಧ್ಯಯನದ ಹೆಸರಿನಲ್ಲಿ ಭಾಷಣ ಮಾಡುವವರಿದ್ದಾರೆ. ಅದು ಸುಳ್ಳು, ಅವರ ಸುಖ ಕಡಿಮೆಯೇ ಇತ್ತು. 22 ಮಂದಿಯ ಲೆಕ್ಕ ಸಣ್ಣದು ಎನ್ನುವುದೂ ನೆನಪಿರಲಿ.

ಹಾಗಾದರೆ ಮಾಡುವುದೆಂತ? ಇದ್ದದ್ದರಲ್ಲಿ ತೃಪ್ತಿಪಡಿ ಎಂಬ ಉಪದೇಶ ಕೇಳಿ ತೃಪ್ತಿಯಾದವರನ್ನು ನಾನಂತೂ ಕಂಡಿಲ್ಲ. ನನಗೆ ಉತ್ತರ ಹೊಳೆದದ್ದು ಪತ್ತನಾಜೆಯಲ್ಲಿ.

ತುಳುವರ ಬೇಶ ತಿಂಗಳ ಹತ್ತಕ್ಕೆ, ಅಂದರೆ ಮೇ 24ರ ಹೊತ್ತಿಗೆ, ಪತ್ತನಾಜೆ. ಅಂದು ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುತ್ತಾರೆ. ದೈವಗಳ ಕೋಲ, ನೇಮವೂ ನಿಲ್ಲುತ್ತದೆ. ಮತ್ತೆ ಚೆಂಡೆ ಕೇಳಬೇಕಾದರೆ ದೀಪಾವಳಿ ಬರಬೇಕು. ಮಳೆಗೆ ಬಯಲಲ್ಲಿ ಯಕ್ಷಗಾನದ ಆಟ ಆಡುವುದು ಹೇಗೆ, ಅದಕ್ಕೇ ಈ ಕಟ್ಟುಪಾಡು ಅಂತ ನಾನೂ ತಿಳಿದಿದ್ದೆ. ಫೋನು ಬಂದ ಮೇಲೆ ಪತ್ತನಾಜೆ ಯಾರಿಗೆ ಬೇಕು? ಒಂದು ಮಳೆಗಾಲವಿಡೀ ರಾತ್ರಿ ಕಂಬಳಿಯೊಳಗೆ ಯಕ್ಷಗಾನ ನೋಡಿದೆ. ದೀಪಾವಳಿ ಕಳೆದು ಮನೆಯ ಹತ್ತಿರದ ಗದ್ದೆಗೇ ಮೇಳ ಬಂತು. ಪೂರ್ವರಂಗ ಮುಗಿಯುವ ಮೊದಲೇ ಆಕಳಿಕೆ. ವೇಷದಲ್ಲಿ ಏನೂ ಊನವಿರಲಿಲ್ಲ, ನನಗೇ ಹಸಿವಿರಲಿಲ್ಲ.

ಇದಕ್ಕೆ ಪರೀಕ್ಷೆಯ ಆಧಾರವೂ ಉಂಟು. 2013ರಲ್ಲಿ ಜೋರ್ಡಿ ಕ್ವಾಡ್‌ಬಾಕ್ ಮತ್ತು ಎಲಿಜಬೆತ್ ಡನ್ ಕೆಲವರಿಗೆ ಒಂದು ವಾರ ಚಾಕಲೇಟ್ ಮುಟ್ಟಬೇಡಿ ಅಂದರು, ಕೆಲವರಿಗೆ ಬೇಕಾದಷ್ಟು ತಿನ್ನಿ ಅಂತ ಕೊಟ್ಟರು. ವಾರದ ಕೊನೆಗೆ ಎಲ್ಲರ ಕೈಗೂ ಚಾಕಲೇಟ್ ಕೊಟ್ಟಾಗ ಹೆಚ್ಚು ಸವಿದವರು ಬಿಟ್ಟಿದ್ದವರು. ಹಲಸಿನ ಹಣ್ಣಿಗೆ ವರ್ಷದಲ್ಲಿ ಎರಡು ಮೂರು ತಿಂಗಳ ಕಾಲ ಮಾತ್ರ ಇರುವುದು ನಮ್ಮ ಪುಣ್ಯ.

ನಿಮಗೇ ಇದು ಗೊತ್ತಿದೆ. ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಬಂದಾಗ ಮೊದಲ ದಿನದ ನೀರುದೋಸೆ ಹೇಗಿತ್ತು? ಮನೆ ಬಿಟ್ಟು ಮತ್ತೆ ಗಲ್ಫಿಗೆ ಹೋಗಿ ಅನ್ನುವುದಿಲ್ಲ. ದಿನಾ ಸಿಗುವ ಒಂದೆರಡಕ್ಕೆ ನೀವೇ ಪತ್ತನಾಜೆ ಇಟ್ಟು ನೋಡಿ. ಸಿಟೌಟಿನಲ್ಲಿ ಫೋನು ಹಿಡಿದು ಚಾ ಕುಡಿಯುವ ಅಭ್ಯಾಸವಿದ್ದರೆ ಹತ್ತು ದಿನ ಅಡುಗೆಮನೆಯಲ್ಲಿ ಕುಡಿಯಿರಿ. ದಿನಾ ಹೋಟೆಲಿನ ಗೋಳಿಬಜೆಯಾದರೆ ಶನಿವಾರಕ್ಕೆ ಮಾತ್ರ.

ಸಾಲದ ಕಂತು, ಮನೆಯಲ್ಲಿ ಕಾಯಿಲೆ, ಇಂಥ ಕಷ್ಟಕ್ಕೆ ಈ ಉಪಾಯ ಸಲ್ಲದು. ಇನ್ನೊಂದು, ಎರಡು ವಾರ ಮೀರಿ ನಿದ್ದೆ, ಹಸಿವು, ಕೆಲಸದ ಮನಸ್ಸು ಎಲ್ಲವೂ ಕೆಟ್ಟಿದ್ದರೆ ಅದು ರೂಢಿಯ ಸಪ್ಪೆತನವಾಗಿರಲಿಕ್ಕಿಲ್ಲ, ಖಿನ್ನತೆಯಿರಬಹುದು. ವೈದ್ಯರನ್ನು ಕಾಣಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಂಖ್ಯೆ 14416, ಕರೆ ಉಚಿತ.

ನಾನು ಕಳೆದ ಪತ್ತನಾಜೆಗೆ ಫೋನಿನಿಂದ ಆಟದ ವೀಡಿಯೋಗಳನ್ನೆಲ್ಲ ತೆಗೆದೆ. ಮಳೆಗಾಲದ ನಡುವಿನ ಆಟಿ ತಿಂಗಳಲ್ಲಿ ಸ್ವಲ್ಪ ಕಷ್ಟವಾಯಿತು. ದೀಪಾವಳಿ ಕಳೆದು ಮೊದಲ ಆಟದ ದಿನ ವೇಷ ಕಟ್ಟುವ ಚೌಕಿಯ ಪೂಜೆಗೂ ಮೊದಲೇ ಹೋಗಿ ಎದುರಿನ ಕುರ್ಚಿ ಹಿಡಿದೆ. ಬೆಳಗಾದದ್ದು ಗೊತ್ತಾಗಲಿಲ್ಲ.